ಬೆಂಗಳೂರಿನ ಆಸ್ತಿ ತೆರಿಗೆ ಪೋರ್ಟಲ್: ಕಟ್ಟುವುದು ಸಲೀಸು, ಲೆಕ್ಕ ಸೊಟ್ಟ

ಕಂದಾಯ ಕಟ್ಟಿಸಿಕೊಳ್ಳುವುದರಲ್ಲಿ ಈ ಪೋರ್ಟಲ್ ಚುರುಕು. ಹಳೆಯ ರಸೀದಿಯಲ್ಲಿರುವ ಅರ್ಜಿ ಸಂಖ್ಯೆಯನ್ನೂ ಮಾಲೀಕರ ಹೆಸರಿನ ಮೊದಲ ಮೂರು ಅಕ್ಷರಗಳನ್ನೂ ಕೊಟ್ಟರೆ ಆಸ್ತಿಯ ವಿವರ ತೆರೆದುಕೊಳ್ಳುತ್ತದೆ. ಏನೂ ಬದಲಾಗಿಲ್ಲದಿದ್ದರೆ ಫಾರಂ 4. ಮೇಲೆ ಮಹಡಿ ಎದ್ದಿದ್ದರೆ, ಸ್ವಂತ ವಾಸದ ಮನೆ ಬಾಡಿಗೆಗೆ ಹೋಗಿದ್ದರೆ ಫಾರಂ 5. ಏಪ್ರಿಲ್‌ನಲ್ಲೇ ಇಡೀ ವರ್ಷದ್ದು ಕಟ್ಟಿದರೆ 5% ರಿಯಾಯಿತಿ.

ಎಡವುವುದು ಝೋನ್‌ನಲ್ಲಿ, ಅಂದರೆ ನೆಲದ ಬೆಲೆ ನೋಡಿ ಬೀದಿಗಳನ್ನು ಎ ಯಿಂದ ಎಫ್‌ವರೆಗೆ ವಿಂಗಡಿಸಿದ ದರದ ವಲಯದಲ್ಲಿ. ಫಾರಂ 4ರ ಅವಸರದಲ್ಲಿ ಹೋದ ವರ್ಷದ ಝೋನನ್ನೇ ಒಪ್ಪಿಬಿಡುತ್ತಾರೆ. 2016ರಲ್ಲಿ ಝೋನ್‌ಗಳು ಬದಲಾದ ಮೇಲೂ ಹಳೆಯದರಲ್ಲೇ ಕಟ್ಟುತ್ತ ಬಂದ ಸುಮಾರು 78 ಸಾವಿರ ಮಾಲೀಕರಿಗೆ ವರ್ಷಗಳ ನಂತರ ನೋಟಿಸ್ ಹೋಯಿತು. ಅಷ್ಟು ವರ್ಷ ಹಣ ತೆಗೆದುಕೊಂಡ ವ್ಯವಸ್ಥೆ ಒಮ್ಮೆಯೂ ತಡೆದಿರಲಿಲ್ಲ. ನಿಮ್ಮ ಬೀದಿ ಯಾವ ಝೋನ್‌ನಲ್ಲಿದೆ ಎಂದು ಪಟ್ಟಿಯಲ್ಲಿ ನೋಡಿಕೊಂಡೇ ಮುಂದುವರಿಯಿರಿ.

ಲೆಕ್ಕ ಹೀಗೆ. ಸಾವಿರ ಚದರಡಿಯ, ಸ್ವಂತ ವಾಸದ ಆರ್‌ಸಿಸಿ ಮನೆಗೆ ಎ ಝೋನ್‌ನಲ್ಲಿ ಚದರಡಿಗೆ ತಿಂಗಳಿಗೆ ₹2.50, ವರ್ಷಕ್ಕೆ ಲೆಕ್ಕ ಹಿಡಿಯುವುದು 10 ತಿಂಗಳನ್ನಷ್ಟೇ, ಹಾಗಾಗಿ ₹25,000. ಕಟ್ಟಡ ಹೊಸದಾಗಿದ್ದರೆ ಅದರಲ್ಲಿ 3% ಸವಕಳಿ (ಕಟ್ಟಡದ ವಯಸ್ಸಿಗೆ ಕೊಡುವ ವಿನಾಯಿತಿ) ಕಳೆದು, ಉಳಿದದ್ದರ 20% ತೆರಿಗೆ: ₹4,850. ಮೇಲೆ 24% ಸೆಸ್ (ನಿರ್ದಿಷ್ಟ ಉದ್ದೇಶಗಳಿಗೆ ತೆರಿಗೆಯ ಮೇಲೆ ವಿಧಿಸುವ ಉಪಕರ) ಸೇರಿ ₹6,014. ಅದೇ ಮನೆ ಎಫ್ ಝೋನ್‌ನಲ್ಲಿದ್ದರೆ ದರ ₹1, ಒಟ್ಟು ₹2,406. ತೆರಿಗೆಯ ಅಂತರ ಎರಡೂವರೆ ಪಟ್ಟು, ನೆಲದ ಬೆಲೆಯ ಅಂತರ ಹತ್ತು ಪಟ್ಟು ದಾಟಿರುವ ಕಡೆಗಳುಂಟು. ಅಂದರೆ ಸಿರಿವಂತ ಬಡಾವಣೆಗೆ ಇದು ಅಗ್ಗದ ತೆರಿಗೆ. ಬಾಡಿಗೆ ಮನೆಗೆ ದರ ದುಪ್ಪಟ್ಟು. ಮಾಲೀಕ ಅದನ್ನು ಬಾಡಿಗೆಯಲ್ಲೇ ವಸೂಲಿ ಮಾಡಿಕೊಂಡರೆ ಹೊರೆ ಹೊರುವವನು ಬಾಡಿಗೆದಾರ.

2025–26ರಿಂದ ಸೇರಿಕೊಂಡ ಕಸದ ಶುಲ್ಕ ಇದನ್ನು ಇನ್ನಷ್ಟು ಕೆಡಿಸಿದೆ. ಅದಕ್ಕೆ ಝೋನ್ ಲೆಕ್ಕವೇ ಇಲ್ಲ, ಕಟ್ಟಡದ ವಿಸ್ತೀರ್ಣ ಮಾತ್ರ: 600 ಚದರಡಿವರೆಗೆ ತಿಂಗಳಿಗೆ ₹10, ಸಾವಿರದವರೆಗೆ ₹50, 4,000 ದಾಟಿದರೆ ₹400. ಮೇಲಿನ ಎರಡೂ ಮನೆಗಳಿಗೆ ವರ್ಷಕ್ಕೆ ₹600. ಎ ಝೋನ್‌ನವರಿಗೆ ಅದು ತೆರಿಗೆಯ ಹತ್ತನೇ ಒಂದು ಪಾಲು, ಎಫ್ ಝೋನ್‌ನವರಿಗೆ ಕಾಲು ಪಾಲು. ಕಸ ಎತ್ತಲು ದುಡ್ಡು ಬೇಕು, ನಿಜ. ಆದರೆ ಝೋನ್ ದರವನ್ನು ಮುಟ್ಟದೆ ಶುಲ್ಕ ಹೇರಿದ್ದು ಸುಲಭದ ದಾರಿ.

ಸೆಸ್‌ನಲ್ಲಿ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿಯ ಪಾಲುಗಳಿವೆ. ಗ್ರಂಥಾಲಯದ ಪಾಲು ಇಲಾಖೆಗೆ ಸೇರದೆ ಪಾಲಿಕೆಯಲ್ಲೇ ಬಾಕಿ ಉಳಿದ ವರ್ಷಗಳೂ ಉಂಟು. ಯಾವುದಕ್ಕೆ ಎಷ್ಟು ತಲುಪಿತು ಎಂದು ತೆರಿಗೆ ಕಟ್ಟುವವರಿಗೆ ರಸೀದಿಯಿಂದ ತಿಳಿಯುವಂತಿರಬೇಕು.

ಖಾತೆಯಿಂದ ಹಣ ಹೋಗಿ ರಸೀದಿ ಬರದಿದ್ದರೆ ತಕ್ಷಣ ಎರಡನೇ ಸಲ ಕಟ್ಟಬೇಡಿ. ಚಲನ್ ಸಂಖ್ಯೆ ಬರೆದಿಟ್ಟುಕೊಂಡು, ಪಾವತಿಯ ಸ್ಥಿತಿ ನೋಡಿ, ಆಮೇಲೆ ಮುಂದಿನದು.