ಖಾನಾವಳಿಯವಳ ಕಣ್ಣಲ್ಲಿ ಬೆಂಗಳೂರಿನ ಹಳೇ ಹೋಟೆಲುಗಳು

ನನ್ನ ತಮ್ಮ ಇರುವುದು ವೈಟ್‌ಫೀಲ್ಡಿನಲ್ಲಿ. ಅಲ್ಲಿ ಹೋಟೆಲಿಗೆ ಬರವಿಲ್ಲ. ಈ ಸಲ ಹೋದಾಗ ಮನೆ ಹತ್ತಿರದ ದೊಡ್ಡ ರೆಸ್ಟೋರೆಂಟೊಂದಕ್ಕೆ ಎಲ್ಲರೂ ಕೂಡಿ ಹೋದೆವು. ಕೈಗೆ ಕೊಟ್ಟ ಮೆನು ಪಂಚಾಂಗದಷ್ಟು ದಪ್ಪ. ಇಡ್ಲಿ, ಪಾಸ್ತಾ, ಮಂಚೂರಿ, ಬಿರಿಯಾನಿ ಎಲ್ಲ ಒಂದೇ ಅಡುಗೆಮನೆಯಿಂದ. ಧಾರವಾಡದಲ್ಲಿ ವರ್ಷಗಟ್ಟಲೆ ಖಾನಾವಳಿ ನಡೆಸಿದವಳು ನಾನು. ದಿನಕ್ಕೆ ಎರಡು ಪಲ್ಯ, ಒಂದು ಕಾಳು, ರೊಟ್ಟಿ, ಅನ್ನ, ಸಾರು ಇಷ್ಟನ್ನು ಹೊತ್ತಿಗೆ ಸರಿಯಾಗಿ ಬಿಸಿಬಿಸಿ ಬಡಿಸುವುದಕ್ಕೇ ನಾಲ್ಕು ಜನ ಬೆಳಗಿನ ಜಾವ ಏಳಬೇಕಿತ್ತು. ಇನ್ನೂರು ತಿನಿಸು ಬರೆದಿಟ್ಟವರು ಅರ್ಧಕ್ಕರ್ಧ ಫ್ರಿಜ್ಜಿನಿಂದಲೇ ತೆಗೆಯಬೇಕಾಗುತ್ತದೆ. ಬಂದ ಇಡ್ಲಿಯ ಅಂಚು ಒಣಗಿತ್ತು, ಚಟ್ನಿ ಹುಳಿ ವಾಸನೆ ಹೊಡೆಯುತ್ತಿತ್ತು.

ತಮ್ಮನ ಮಗಳು ನನ್ನ ಮುಖ ನೋಡಿ, "ಅತ್ತಿ, ಚಲೋ ಇಡ್ಲಿ ಬೇಕಂದ್ರ ಊರೊಳಗ ಹೋಗಬೇಕು ನೋಡು. ನಾಳೆ ಕರಕೊಂಡು ಹೋಗ್ತೀನಿ" ಅಂದಳು. ವೈಟ್‌ಫೀಲ್ಡಿನ ತನಕ ಮೆಟ್ರೋದ ನೇರಳೆ ಮಾರ್ಗ ಪೂರ್ತಿಯಾದದ್ದು 2023ರಲ್ಲಿ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಬಸವನಗುಡಿ. ಅಲ್ಲಿಂದ ಮುಂದೆ ಕಾಲ್ನಡಿಗೆ. ಬೇಗ ಎದ್ದು ಹೊರಟರೆ ಗಾಡಿಯಲ್ಲಿ ಕೂರಲು ಜಾಗವೂ ಸಿಗುತ್ತದೆ.

ಮೊದಲು ಹೋದದ್ದು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ. 1965ರಿಂದ ಇರುವ ಅಂಗಡಿ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಚಹಾ, ಹೆಚ್ಚುಕಡಿಮೆ ಅಷ್ಟೇ. ದೋಸೆ ಇಲ್ಲ, ಸಾಂಬಾರೂ ಇಲ್ಲ. ಸಾಂಬಾರ್ ಕೊಡುವುದಿಲ್ಲ ಎಂದು ಕೇಳಿದಾಗಲೇ ನನಗೆ ಈ ಅಂಗಡಿಯ ಮೇಲೆ ಗೌರವ ಬಂತು. ಇಡ್ಲಿ ಸ್ವಲ್ಪ ಗಟ್ಟಿಯಾದರೆ ಸಾಂಬಾರಿನಲ್ಲಿ ಮುಳುಗಿಸಿ ಗಿರಾಕಿಯನ್ನು ಸಮಾಧಾನ ಮಾಡಬಹುದು. ಬರೀ ಚಟ್ನಿಯ ಮೇಲೆ ಅಂಗಡಿ ನಡೆಸುವವರಿಗೆ ಆ ದಾರಿ ಇಲ್ಲ. ಕಾಯಿಚಟ್ನಿ ಬಲು ಸೂಕ್ಷ್ಮ. ಬೇಸಿಗೆಯಲ್ಲಿ ರುಬ್ಬಿಟ್ಟು ಸ್ವಲ್ಪ ಹೊತ್ತು ಮರೆತರೂ ಸಾಕು, ಕೆಡುತ್ತದೆ. ಇಲ್ಲಿ ತಟ್ಟೆಯಲ್ಲಿ ಇಡ್ಲಿ ಮುಳುಗುವಷ್ಟು ಚಟ್ನಿ ಹಾಕುತ್ತಾರೆ, ಮತ್ತೆ ಹೋಗಿ ಕೈ ಚಾಚಿದರೆ ಮತ್ತೆ ಹಾಕುತ್ತಾರೆ. ಎರಡನೇ ಸಲ ಹಾಕಿಸಿಕೊಂಡದ್ದೂ ಮೊದಲಿನಷ್ಟೇ ತಾಜಾ. ತೆಳು ಹದ, ಹಸಿಮೆಣಸಿನಕಾಯಿಯ ಖಾರ ನಾಲಿಗೆಯ ತುದಿಗೆ ತಾಗಿ ಅಲ್ಲೇ ನಿಲ್ಲುತ್ತದೆ, ಗಂಟಲಿಗೆ ಇಳಿಯುವುದಿಲ್ಲ. ಶೇಂಗಾ ಚಟ್ನಿ ತಿಂದು ಬೆಳೆದ ನಾನು ಕಾಯಿಚಟ್ನಿಯನ್ನು ಇಷ್ಟು ಮನಸಾರೆ ತಿಂದದ್ದು ಇಲ್ಲೇ. ವಡೆಯೂ ಚೆನ್ನಾಗಿತ್ತು, ಹೊರಗೆ ಗರಿಗರಿ, ಒಳಗೆ ಎಣ್ಣೆ ಕುಡಿದಿರಲಿಲ್ಲ. ಕೂರಲು ಕುರ್ಚಿ ಮೇಜು ಇಲ್ಲ, ತಟ್ಟೆ ಹಿಡಿದು ನಿಂತೇ ತಿನ್ನಬೇಕು. ಮೊಣಕಾಲು ನೋವಿದ್ದವರನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ತಿಳಿದಿರಬೇಕು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋದದ್ದು ಇನ್ನೊಂದು ದಿನ. ಇದನ್ನು ವೆಂಕಟರಮಣ ಉರಾಳರು 1943ರಲ್ಲಿ ಶುರು ಮಾಡಿದರು, 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಹೊರಗೆ ಹೆಸರು ಬರೆಸಿ ಕಾಯಬೇಕು. ಒಳಗೆ ಹೋದ ಮೇಲೆ ಗುರುತಿಲ್ಲದವರ ಜೊತೆ ಒಂದೇ ಮೇಜು ಹಂಚಿಕೊಳ್ಳಬೇಕು. ನಮ್ಮ ಖಾನಾವಳಿಯಲ್ಲೂ ಹಾಗೇ ಇತ್ತು, ಹಾಗಾಗಿ ನನಗೆ ಮುಜುಗರವಾಗಲಿಲ್ಲ. ಎದುರು ಕೂತ ಹಿರಿಯರೊಬ್ಬರು ನಾವು ಧಾರವಾಡದವರು ಎಂದು ತಿಳಿದು ಪೇಡೆಯ ಮಾತು ತೆಗೆದರು. ಗೋಡೆಯ ಮೇಲೆ ಕನ್ನಡದ ದೊಡ್ಡವರ ರೇಖಾಚಿತ್ರಗಳಿವೆ. ತಮ್ಮನ ಮಗಳು ಒಬ್ಬೊಬ್ಬರ ಹೆಸರೂ ಕೇಳಿದಳು, ಹೇಳಿದೆ.

ಅಷ್ಟರಲ್ಲಿ ಪಂಚೆ ಉಟ್ಟ ಬಡಿಸುವವರೊಬ್ಬರು ಅಂಗೈಯಿಂದ ಭುಜದ ತನಕ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬಂದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ತಟ್ಟೆ ಇಡುವಾಗ ತುದಿಯಿಂದ ಒಂದೊಂದೇ ಜಾರಿಸುತ್ತಾರೆ, ಉಳಿದವು ಅಲ್ಲಾಡುವುದಿಲ್ಲ. ಇದು ಒಂದು ತಿಂಗಳಲ್ಲಿ ಕಲಿಯುವ ಕೆಲಸವಲ್ಲ. ಅಂಥವರನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ಚೆನ್ನಾಗಿ ಗೊತ್ತು. ನನ್ನ ಖಾನಾವಳಿ ಮುಚ್ಚಿದ್ದೇ ರೊಟ್ಟಿ ಬಡಿಯುವ ಕೈಗಳು ಸಿಗದೆ.

ದೋಸೆ ಅಗಲದಲ್ಲಿ ಚಿಕ್ಕದು, ದಪ್ಪ. ಹೊರಮೈ ಕಂದು, ತುಪ್ಪದ ಪರಿಮಳ. ಅಂಚು ಮುರಿದರೆ ಚಟ್ ಎನ್ನುತ್ತದೆ, ನಡುವೆ ಮೆತ್ತಗೆ. ಕಾವಲಿಯ ಉರಿ ಒಂದಿಷ್ಟು ಹೆಚ್ಚಾದರೂ ಇಷ್ಟು ಕಂದು ಬರುವ ಹೊತ್ತಿಗೆ ಕಹಿಯಾಗಬೇಕು, ಆಗಿರಲಿಲ್ಲ. ಹಿಟ್ಟಿನ ಹುಳಿಯೂ ಹದವಾಗಿತ್ತು. ಚಟ್ನಿಯನ್ನು ಪಾತ್ರೆಯಿಂದ ನೇರವಾಗಿ ತಟ್ಟೆಗೆ ಸುರಿಯುತ್ತಾರೆ, ನೀರಾಗಿರುತ್ತದೆ. ತಮ್ಮನ ಹೆಂಡತಿಗೆ ಅದು ಹಿಡಿಸಲಿಲ್ಲ, "ಗಟ್ಟಿ ಇರಬೇಕಿತ್ತಕ್ಕಾ" ಅಂದಳು. ಈ ದಪ್ಪ ದೋಸೆಗೆ ಆ ನೀರುಚಟ್ನಿಯೇ ಸರಿ, ಗಟ್ಟಿಯಾದರೆ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ದಾವಣಗೆರೆಯ ಬೆಣ್ಣೆದೋಸೆ ಇಷ್ಟಪಡುವವರು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿಗೆ ಬರಬೇಡಿ, ಇದರ ಜಾತಿಯೇ ಬೇರೆ.

ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನಲ್ಲೂ ಇಡ್ಲಿ ತಿಂದೆವು. ಮೆತ್ತಗಿನ ಇಡ್ಲಿ ಬೇಕೆನ್ನುವವರಿಗೆ ಅದು. ಮಾರ್ಗೋಸಾ ರಸ್ತೆಯಲ್ಲೇ ಇರುವ ಸಿಟಿಆರ್‌ನ ಬೆಣ್ಣೆ ಮಸಾಲೆ ದೋಸೆಗೆ ಭಾನುವಾರದ ಸಾಲು ನೋಡಿ ಹಿಂದಿರುಗಿದೆವು. ಮುಂದಿನ ಸಲ ವಾರದ ನಡುವೆ ಹೋಗಬೇಕು.

ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್ ಮಾತ್ರ ಬೇರೆ ಕಾರಣಕ್ಕೆ ಮನಸ್ಸಿನಲ್ಲಿ ಉಳಿಯಿತು. ಕಾಫಿ ಬೋರ್ಡು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ನೌಕರರು ತಾವೇ ಸಹಕಾರಿ ಸಂಘ ಕಟ್ಟಿಕೊಂಡರು, ಅದರಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಎಂ.ಜಿ. ರಸ್ತೆಯಲ್ಲಿದ್ದ ಹಳೆಯ ಜಾಗ ಬಿಟ್ಟು 2009ರಲ್ಲಿ ಇಲ್ಲಿಗೆ ಬಂದಿದ್ದಾರೆ. ಬಿಳಿ ಉಡುಪು, ತಲೆಗೆ ಪೇಟ. ಬಡಿಸುವವರೇ ಸದಸ್ಯರಾಗಿರುವ ಹೋಟೆಲು ಎಂದರೆ ನನ್ನಂಥವಳಿಗೆ ಅದೇ ದೊಡ್ಡ ರುಚಿ. ತಮ್ಮನ ಮಗಳು ಕಾಲೇಜಿನ ಗೆಳತಿಯರ ಜೊತೆ ಗಂಟೆಗಟ್ಟಲೆ ಕೂರುವುದು ಇಲ್ಲೇ ಅಂತೆ, ಯಾರೂ ಏಳಿಸುವುದಿಲ್ಲ.

ಹೋಗುವವರಿಗೆ ಒಂದೆರಡು ಮಾತು. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಬ್ರಾಹ್ಮಿನ್ಸ್‌ಗೆ ಭಾನುವಾರ. ಎರಡೂ ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕುತ್ತವೆ, ಹಾಗಾಗಿ ಬೆಳಗ್ಗೆ ಹೋಗುವುದೇ ಒಳ್ಳೆಯದು. ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಶಂಕರಪುರದಲ್ಲಿ ಒಂದು ಇಡ್ಲಿ, ಒಂದು ವಡೆ ತಿಂದು ಗಾಂಧಿ ಬಜಾರಿಗೆ ನಡೆದು ಹೋದರೆ ದೋಸೆಯ ಹೊತ್ತಿಗೆ ಮತ್ತೆ ಹಸಿವಾಗಿರುತ್ತದೆ. ಕಾಫಿ ಬೈ ಟೂ ಹೇಳಿ.