ಡಾಬರ್‌ಮನ್ ಮರಿಯ ಕಿವಿ ಕತ್ತರಿಸಲು ಒಪ್ಪುವ ಮುನ್ನ ನಮ್ಮ ಮನೆಯಲ್ಲಿ ನಡೆದದ್ದನ್ನು ಓದಿ

ಕಳೆದ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ನಾವು ಒಂದು ಡಾಬರ್‌ಮನ್ ಗಂಡುಮರಿಯನ್ನು ತಂದೆವು. ನಮ್ಮದು ತುಮಕೂರು ಕಡೆಯ ತೋಟದ ಮನೆ, ಹತ್ತಿರದಲ್ಲಿ ಬೇರೆ ಮನೆಗಳಿಲ್ಲ, ಆದ್ದರಿಂದ ಕಾವಲಿಗೆ ಒಂದು ಒಳ್ಳೆಯ ನಾಯಿ ಬೇಕಾಗಿತ್ತು. ಮರಿಗೆ ಆಗ 45 ದಿನ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲವೆಂದೂ, ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕೆಂದೂ 2017ರ ನಾಯಿ ಸಂತಾನವೃದ್ಧಿ ಮತ್ತು ಮಾರಾಟ ನಿಯಮಗಳು ಹೇಳುತ್ತವೆ ಎಂಬುದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಗೊತ್ತಿದ್ದಿದ್ದರೆ ಮರಿ ಮಾರಿದವರ ಮನೆಯ ಗೇಟಿನಿಂದಲೇ ಹಿಂತಿರುಗುತ್ತಿದ್ದೆ.

ಕರಿಯ ನಮ್ಮ ಮನೆಗೆ ಬಂದಾಗಲೇ ಅವನಿಗೆ ಬಾಲವಿರಲಿಲ್ಲ, ಎರಡು ಬೆರಳಗಲದ ಮೋಟು ಉಳಿದಿತ್ತು. "ಹುಟ್ಟಿದ ಮೂರನೇ ದಿನಾನೇ ಕಟ್ ಮಾಡಿಬಿಡ್ತೀವಿ ಸಾರ್, ಆಗ ಅವಕ್ಕೆ ನೋವು ಗೊತ್ತಾಗಲ್ಲ" ಎಂದು ಮಾರಿದವರು ಹೇಳಿದ್ದನ್ನು ನಾನು ನಂಬಿದೆ. ಅದು ಸುಳ್ಳು. ಮೂರು ದಿನದ ಮರಿಗೆ ಕಣ್ಣು ತೆರೆದಿರುವುದಿಲ್ಲ, ಆದರೆ ನೋವನ್ನು ಮಿದುಳಿಗೆ ಒಯ್ಯುವ ನರಗಳು ಆಗಲೇ ಕೆಲಸ ಮಾಡುತ್ತಿರುತ್ತವೆ. ಹೆಚ್ಚಾಗಿ ಅರಿವಳಿಕೆಯನ್ನೇ ಕೊಡದೆ ಚರ್ಮ, ನರ, ಎಳೆಯ ಮೂಳೆಗಳನ್ನು ಒಟ್ಟಿಗೆ ಕತ್ತರಿಸಲಾಗುತ್ತದೆ. ಕೆಲವು ನಾಯಿಗಳಲ್ಲಿ ಕತ್ತರಿಸಿದ ನರದ ತುದಿ ಗಂಟಾಗಿ ಬೆಳೆದು, ಗಾಯ ಮಾಯ್ದ ಎಷ್ಟೋ ಕಾಲದ ನಂತರವೂ ಮುಟ್ಟಿದರೆ ನೋಯುತ್ತದೆ.

ಬಾಲದ ವಿಷಯದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ, ಕಿವಿಯ ವಿಷಯದಲ್ಲಿ ಕೇಳಿದರು, ನಾನು ಒಪ್ಪಿಕೊಂಡೆ. ಡಾಬರ್‌ಮನ್‌ನ ಕಿವಿ ಸಹಜವಾಗಿ ಜೋತುಬೀಳುತ್ತದೆ, ಅದು ನೆಟ್ಟಗೆ ನಿಲ್ಲಲೆಂದೇ ಕತ್ತರಿಸುತ್ತಾರೆ. ಮಾರಿದವರು ವಾರಕ್ಕೆರಡು ಬಾರಿ ಫೋನ್ ಮಾಡಿ, 12 ವಾರ ದಾಟಿದರೆ ಕಿವಿ ನಿಲ್ಲುವುದಿಲ್ಲ, ಜೋತುಬಿದ್ದ ಕಿವಿಯಲ್ಲಿ ಸೋಂಕು ತಪ್ಪುವುದಿಲ್ಲ, ಕಿವಿ ನಿಲ್ಲದ ಡಾಬರ್‌ಮನ್‌ಗೆ ಯಾರೂ ಹೆದರುವುದಿಲ್ಲ ಎಂದು ಅವಸರಪಡಿಸುತ್ತಿದ್ದರು. ಮರಿಯ ಕಿವಿಯ ತುದಿ ಕುಯ್ದರೆ ನಾಯಿ ಚುರುಕಾಗುತ್ತದೆ ಎಂಬ ಮಾತನ್ನು ಚಿಕ್ಕಂದಿನಿಂದ ಊರಿನಲ್ಲಿ ಕೇಳಿಕೊಂಡೇ ಬೆಳೆದ ನನಗೆ ಅದು ತಪ್ಪೆಂದು ತೋರಲಿಲ್ಲ. ಕಿವಿ ಜೋತುಬಿದ್ದರೆ ಸೋಂಕು ಖಂಡಿತವೆನ್ನುವುದಾದರೆ ಲ್ಯಾಬ್ರಡಾರ್‌ಗಳ ಕಿವಿಯನ್ನು ಏಕೆ ಯಾರೂ ಕತ್ತರಿಸುವುದಿಲ್ಲ ಎಂಬ ಸರಳ ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ.

ಒಂಬತ್ತನೇ ವಾರದಲ್ಲಿ, ಅವರು ಹೇಳಿದ ಜಾಗಕ್ಕೆ ಕರೆದುಕೊಂಡು ಹೋದೆ. ಅದು ಆಸ್ಪತ್ರೆಯಾಗಿರಲಿಲ್ಲ, ನಾಯಿ ಆಹಾರದ ಅಂಗಡಿಯ ಹಿಂದಿನ ಶೀಟಿನ ಕೋಣೆ. ಕೆಲಸ ಮಾಡಿದವರನ್ನು ಎಲ್ಲರೂ "ಡಾಕ್ಟ್ರು" ಎನ್ನುತ್ತಿದ್ದರು. ಬೋರ್ಡಿರಲಿಲ್ಲ, ನೋಂದಣಿ ಸಂಖ್ಯೆ ಇರಲಿಲ್ಲ, ಆರು ಸಾವಿರ ರೂಪಾಯಿ ನಗದಿಗೆ ಬಿಲ್ಲೂ ಇರಲಿಲ್ಲ. ಒಂದು ಇಂಜೆಕ್ಷನ್ ಕೊಟ್ಟು, ಹತ್ತು ನಿಮಿಷ ಬಿಟ್ಟು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರಿಯ ಚೀರಿದ. ಅರಿವಳಿಕೆ ಸರಿಯಾಗಿ ಹಿಡಿದಿದ್ದರೆ ಅವನು ಚೀರುತ್ತಿರಲಿಲ್ಲ ಎಂಬುದು ಇಂದು ನನಗೆ ತಿಳಿದಿದೆ, ಅಂದು ನಾನು ಬಾಗಿಲು ತಟ್ಟದೆ ಬೆಂಚಿನ ಮೇಲೆ ಕುಳಿತೇ ಇದ್ದೆ.

ಹೊರಗೆ ತಂದಾಗ ತಲೆಯ ಮೇಲೆ ಒಂದು ಕಾಗದದ ಲೋಟವನ್ನು ಬೋರಲು ಹಾಕಿ, ಎರಡೂ ಕಿವಿಗಳನ್ನು ಅದರ ಮೇಲಕ್ಕೆ ಎಳೆದು ಟೇಪಿನಿಂದ ಸುತ್ತಿದ್ದರು. ಹತ್ತು ದಿನ ಬಿಚ್ಚಬೇಡಿ, ಆಮೇಲೆ ತಿಂಗಳುಗಟ್ಟಲೆ ಟೇಪ್ ಬದಲಾಯಿಸುತ್ತಿರಬೇಕಾಗುತ್ತದೆ ಎಂದರು. ನೋವಿನ ಔಷಧಿಯನ್ನೂ ಕೊಡಲಿಲ್ಲ. ಐದನೇ ದಿನ ಮರಿ ಹಾಲು ಬಿಟ್ಟಿತು, ತಲೆಯನ್ನು ಗೋಡೆಗೆ ಉಜ್ಜತೊಡಗಿತು, ಹತ್ತಿರ ಹೋದರೆ ಕೊಳೆತ ವಾಸನೆ. ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ದಾಗ ವೈದ್ಯರು ಟೇಪನ್ನು ಕತ್ತರಿಸಿ ಬಿಡಿಸಿದರು. ಎಡಗಿವಿಯ ಹೊಲಿಗೆಯುದ್ದಕ್ಕೂ ಅಕ್ಕಿಕಾಳಿನಂಥ ಬಿಳಿಯ ಹುಳುಗಳು ಮಿಜಿಗುಟ್ಟುತ್ತಿದ್ದವು. ಮಳೆಗಾಲದಲ್ಲಿ ತೇವದ ಟೇಪಿನಡಿ ನೊಣ ಮೊಟ್ಟೆಯಿಟ್ಟರೆ ಹುಳ ಬೀಳಲು ಒಂದೆರಡು ದಿನ ಸಾಕು ಎಂದು ಅವರು ಹೇಳಿದರು. ನನ್ನ ಹೆಂಡತಿ ತಲೆಯನ್ನು ಹಿಡಿದುಕೊಂಡಿದ್ದಳು, ವೈದ್ಯರು ಒಂದು ಗಂಟೆಗೂ ಹೆಚ್ಚು ಹೊತ್ತು ಚಿಮಟದಿಂದ ಒಂದೊಂದನ್ನೇ ಹೆಕ್ಕಿ ಟ್ರೇಗೆ ಹಾಕಿದರು. ಸತ್ತ ಅಂಚನ್ನು ಮತ್ತೆ ಕತ್ತರಿಸಬೇಕಾಯಿತು. ಅಲ್ಲಿಂದ ಮೂರು ವಾರ ದಿನಬಿಟ್ಟು ದಿನ ಡ್ರೆಸ್ಸಿಂಗ್ ಆಯಿತು. ಈ ನಡುವೆ ಅವನ ಲಸಿಕೆಯ ಸರದಿಯೂ ತಪ್ಪಿತು.

ಆ ವೈದ್ಯರು ಬೈಯಲಿಲ್ಲ. ಆದರೆ ಅವರು ಹೇಳಿದ ಒಂದು ಮಾತು ಗಾಯಕ್ಕಿಂತ ಹೆಚ್ಚು ಕಾಲ ನನ್ನಲ್ಲಿ ಉಳಿದಿದೆ. ಹುಟ್ಟಿದ ಮೂರನೇ ವಾರದಿಂದ ಸುಮಾರು ಮೂರು ತಿಂಗಳು ತುಂಬುವವರೆಗಿನ ಅವಧಿಯಲ್ಲೇ ಮರಿ ಮನುಷ್ಯರನ್ನು ನಂಬುವುದನ್ನು ಕಲಿಯುತ್ತದೆ. ಕಿವಿ ಕತ್ತರಿಸುವವರು ಆರಿಸಿಕೊಳ್ಳುವುದು ಇದೇ ವಾರಗಳನ್ನು. ಕರಿಯ ಆ ವಾರಗಳಲ್ಲಿ ಕಲಿತದ್ದು, ತಲೆಯ ಬಳಿ ಬರುವ ಕೈ ನೋಯಿಸುತ್ತದೆ ಎಂಬುದನ್ನು.

ಕಾನೂನಿನ ಬಗ್ಗೆಯೂ ಹೇಳಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಾಣಿಯ ಅಂಗಭಂಗ ಮಾಡುವುದನ್ನು ಅಪರಾಧವೆನ್ನುತ್ತದೆ, ಆದರೆ ಮೊದಲ ಬಾರಿಯ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಮಾತ್ರ. ಆರು ಸಾವಿರ ಪಡೆಯುವವನಿಗೆ ಇದು ಯಾವ ಲೆಕ್ಕ? ಕಡಿಮೆ ಜನರಿಗೆ ಗೊತ್ತಿರುವುದು 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ. ಅದರ ಪ್ರಕಾರ ನೋಂದಾಯಿತ ಪಶುವೈದ್ಯರಲ್ಲದವರು ಇಂಥ ಶಸ್ತ್ರಚಿಕಿತ್ಸೆ ಮಾಡುವಂತೆಯೇ ಇಲ್ಲ. ನಾನು ಮಾರಿದವರಿಗೆ ಫೋನ್ ಮಾಡಿದಾಗ "ನೀವೇ ಸರಿಯಾಗಿ ನೋಡ್ಕೊಂಡಿಲ್ಲ" ಎಂದು ಇಟ್ಟುಬಿಟ್ಟರು. ಬಿಲ್ಲೂ ಚೀಟಿಯೂ ಇಲ್ಲದ ನನ್ನ ಬಳಿ ತೋರಿಸಲು ಒಂದು ಕಾಗದವೂ ಇರಲಿಲ್ಲ.

ತಳಿಯ ಲಕ್ಷಣವೇ ಹಾಗೆ ಎಂಬ ವಾದಕ್ಕೂ ನೆಲೆಯಿಲ್ಲ. ಡಾಬರ್‌ಮನ್ ಹುಟ್ಟಿದ್ದು ಜರ್ಮನಿಯ ಅಪೋಲ್ಡಾ ಊರಿನಲ್ಲಿ. ಅದೇ ಜರ್ಮನಿ 1987ರಲ್ಲಿ ಕಿವಿ ಕತ್ತರಿಸುವುದನ್ನೂ 1998ರಲ್ಲಿ ಬಾಲ ಕತ್ತರಿಸುವುದನ್ನೂ ನಿಷೇಧಿಸಿತು. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ 2015ರಲ್ಲಿ ಒಪ್ಪಿದ ತಳಿ ಲಕ್ಷಣಗಳಲ್ಲಿ ಡಾಬರ್‌ಮನ್‌ನ ಕಿವಿಯೂ ಬಾಲವೂ ಸಹಜವಾಗಿಯೇ ಇರಬೇಕೆಂದಿದೆ. ನಮ್ಮದೇ ಮುಧೋಳ ನಾಯಿ ಜೋತ ಕಿವಿ, ಉದ್ದ ಬಾಲದೊಡನೆಯೇ ಬೇಟೆಗೂ ಕಾವಲಿಗೂ ಹೆಸರಾಗಿದೆ.

ಈಗ ಮರಿ ಕೊಳ್ಳಲು ಹೊರಟವರು ಬಾಲವಿರುವ ಮರಿಯನ್ನೇ ಕೇಳಿ, ಅದನ್ನು ಹುಟ್ಟುವ ಮುಂಚೆಯೇ ಹೇಳಿಟ್ಟರೆ ಮಾತ್ರ ಸಿಗುತ್ತದೆ. 12 ವಾರದ ಗಡುವು ಹೇಳಿ ಅವಸರ ಮಾಡುವವರ ಮಾತಿಗೆ ಒಪ್ಪಬೇಡಿ, ಕತ್ತರಿಸದ ಕಿವಿಗೆ ಯಾವ ಗಡುವೂ ಇಲ್ಲ. ಕಾಯಿಲೆಗೋ ಗಾಯಕ್ಕೋ ನಿಜವಾಗಿ ಶಸ್ತ್ರಚಿಕಿತ್ಸೆ ಬೇಕಾದರೆ, ವೈದ್ಯರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ಪಶುವೈದ್ಯ ಪರಿಷತ್ತಿನಲ್ಲಿ ವಿಚಾರಿಸಿ, ಅರಿವಳಿಕೆ ಮತ್ತು ನೋವಿನ ಔಷಧಿಯ ವಿವರವನ್ನು ಬರೆಸಿಕೊಂಡೇ ಮುಂದುವರಿಯಿರಿ. ಈಗಾಗಲೇ ಕತ್ತರಿಸಿ ತಂದಿದ್ದರೆ ದಿನವೂ ಟೇಪಿನ ಅಂಚನ್ನು ಮೂಸಿ ನೋಡಿ. ವಾಸನೆ ಬಂದ ದಿನವೇ ಆಸ್ಪತ್ರೆಗೆ ಒಯ್ಯಿರಿ, ಹತ್ತು ದಿನ ಕಾಯಬೇಡಿ.

ಕರಿಯನಿಗೆ ಈಗ ಹದಿನೈದು ತಿಂಗಳು. ಬಲಗಿವಿ ಅರ್ಧ ನಿಂತಿದೆ, ಎಡಗಿವಿ ಸುರುಟಿಕೊಂಡು ಒಣ ಎಲೆಯಂತಾಗಿದೆ. ಮಗಳು ಕರೆದರೆ ಓಡಿ ಬಂದು ಎದುರಿಗೆ ನಿಲ್ಲುತ್ತಾನೆ, ಬಾಲದ ಮೋಟು ಅಲ್ಲಾಡುತ್ತದೆ. ಅವಳು ತಲೆ ಸವರಲು ಕೈ ಎತ್ತಿದರೆ ಮಾತ್ರ ಇಂದಿಗೂ ನೆಲಕ್ಕೆ ಅಂಟಿ ಕೂತುಬಿಡುತ್ತಾನೆ. ಅದಕ್ಕೇ ಅವಳು ಈಗ ಅವನ ಪಕ್ಕದಲ್ಲಿ ಕುಳಿತು, ಕೆಳಗಿನಿಂದ ಕೈ ತಂದು, ಗಂಟಲ ಬಳಿ ತುರಿಸುತ್ತಾಳೆ.