ಕರಾವಳಿಯ ಮಳೆಯಲ್ಲಿ ಮೋಟಾರ್‌ಹೋಮ್: ಮೂರು ಮಳೆಗಾಲ ಬಳಸಿದ ಮೇಲೆ

ಗಾಡಿಯ ಉದ್ದ, ಹಾಸಿಗೆಯ ಅಗಲ, ಎಂಜಿನ್ನಿನ ಬಲ ಇವೆಲ್ಲ ಮಾರುವವರ ಕಾಗದದಲ್ಲೇ ಸಿಗುತ್ತವೆ. ಅಲ್ಲಿ ಸಿಗದಿರುವುದು ತೇವದ ವಿಷಯ. ಪ್ರಯಾಣಿಕರ ವ್ಯಾನನ್ನು ಇಬ್ಬರು ಮಲಗುವಂತೆ ವರ್ಕ್‌ಶಾಪ್‌ನಲ್ಲಿ ಕಟ್ಟಿಸಿದ ಈ ಗಾಡಿ ಕಾರವಾರ, ಭಟ್ಕಳ, ಶಿರಸಿ ನಡುವೆ ಮೂರು ಮಳೆಗಾಲ ಓಡಿದೆ. ಎಂಜಿನ್ ಒಮ್ಮೆಯೂ ಕೈಕೊಟ್ಟಿಲ್ಲ. ಹಾಸಿಗೆಯ ಅಡಿಭಾಗಕ್ಕೆ ಮಾತ್ರ ಮೊದಲ ಜುಲೈ ಮುಗಿಯುವುದರೊಳಗೆ ಬೂಷ್ಟು ಹಿಡಿದಿತ್ತು.

ಗಾಡಿಯೊಳಗಿನ ತೇವವೆಲ್ಲ ಮೇಲಿನಿಂದ ಸೋರಿದ ನೀರಲ್ಲ, ಬಹುಪಾಲು ಒಳಗೇ ಹುಟ್ಟಿದ್ದು. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹೊರಬರುತ್ತದೆ. ಇಬ್ಬರು ರಾತ್ರಿಯಿಡೀ ಬಿಡುವ ಉಸಿರಿನಲ್ಲಿ ಸುಮಾರು ಅರ್ಧ ಲೀಟರ್ ಸೇರುತ್ತದೆ. ಇದರ ಮೇಲೆ ಒದ್ದೆ ರೇನ್‌ಕೋಟು, ಒದ್ದೆ ಚಪ್ಪಲಿ. ಬೆಳಿಗ್ಗೆ ಕಾರವಾರ ಬಿಟ್ಟು, ಭಟ್ಕಳ ಮುಟ್ಟಿ, ಮರಳಿ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರುವ 200 ಕಿಲೋಮೀಟರಿಗೂ ಮೀರಿದ ದಿನದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಕರಾವಳಿಯ ಬಿಸಿ ಗಾಳಿಯನ್ನು ತುಂಬಿಕೊಂಡೇ ಮೇಲೆ ಬಂದ ಗಾಡಿ ಶಿರಸಿಯ ತಂಪಿನಲ್ಲಿ ನಿಂತ ಕೂಡಲೇ ತಗಡಿನ ಗೋಡೆ ಬೆವರುತ್ತದೆ. ಆ ನೀರು ಪ್ಲೈವುಡ್ ಹಿಂದೆ ಇಳಿದು ಹಾಸಿಗೆಯ ಮೂಲೆ ಸೇರುತ್ತದೆ.

ಪರಿಹಾರ ದುಬಾರಿಯಲ್ಲ. ಹಾಸಿಗೆಯ ಕೆಳಗಿನ ಇಡೀ ಹಲಗೆಯನ್ನು ತೆಗೆಸಿ, ಎರಡೆರಡು ಬೆರಳು ಸಂದಿ ಬಿಟ್ಟು ಪಟ್ಟಿ ಹಾಕಿಸಬೇಕು. ಒಲೆ ಹಚ್ಚುವ ಮೊದಲು ಚಾವಣಿಯಲ್ಲಿ ಕೂರಿಸಿದ, ಒಳಗಿನ ಗಾಳಿಯನ್ನು ಹೊರದೂಡುವ ಫ್ಯಾನ್ ಹಾಕಿ, ಅದರ ಎದುರು ಬದಿಯ ಕಿಟಕಿಯನ್ನು ಒಂದು ಇಂಚು ತೆರೆದಿಡಬೇಕು. ಬರಿಯ ಫ್ಯಾನ್ ಸಾಲದು, ಗಾಳಿ ಹೊರಗೆ ಹೋಗಬೇಕಾದರೆ ಒಳಗೆ ಬರಲೂ ದಾರಿ ಬೇಕು. ಅಂಗಡಿಯಲ್ಲಿ ಸಿಗುವ ತೇವ ಹೀರುವ ಡಬ್ಬಿಗಳು ಮುಚ್ಚಿದ ಕಪಾಟಿಗೆ ಸರಿ, ಇಡೀ ಗಾಡಿಗೆ ಏನೂ ಅಲ್ಲ.

ನಿಜವಾದ ಸೋರಿಕೆ ಶುರುವಾದದ್ದು ಎರಡನೇ ಮಳೆಗಾಲದಲ್ಲಿ, ಚಾವಣಿಯ ಫ್ಯಾನಿನ ಚೌಕಟ್ಟಿನಿಂದ. ಇದಕ್ಕೆ ವರ್ಕ್‌ಶಾಪ್‌ನವರನ್ನು ಕ್ಷಮಿಸುವುದು ಕಷ್ಟ. ಅವರು ಬಳಿದದ್ದು ಬಾತ್‌ರೂಮಿಗೆ ಬಳಿಯುವ ಸಿಲಿಕೋನ್. ಬಿಸಿಲಿಗೆ ತಗಡು ಒಂದು ಲೆಕ್ಕದಲ್ಲಿ ಹಿಗ್ಗುತ್ತದೆ, ಪ್ಲಾಸ್ಟಿಕ್ ಚೌಕಟ್ಟು ಇನ್ನೊಂದು ಲೆಕ್ಕದಲ್ಲಿ. ಘಟ್ಟದ ತಿರುವುಗಳಲ್ಲಿ ಬಾಡಿ ತಿರುಚುತ್ತದೆ. ಸಿಲಿಕೋನ್ ಅಂಚು ಬಿಟ್ಟುಕೊಂಡ ಮೇಲೆ ಅದರ ಮೇಲೆ ಬೇರೇನೂ ಅಂಟುವುದಿಲ್ಲ. ಅದನ್ನು ಪೂರ್ತಿ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಚೌಕಟ್ಟಿನ ಅಡಿಗೆ ಬ್ಯುಟೈಲ್ ಟೇಪ್ (ಮೆತ್ತಗೇ ಉಳಿಯುವ ರಬ್ಬರಿನಂಥ ಅಂಟುಪಟ್ಟಿ) ಇಟ್ಟು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಎರಡು ದಿನ ಬಿಟ್ಟು ಮತ್ತೊಮ್ಮೆ ಬಿಗಿದು, ಸ್ಕ್ರೂ ತಲೆಗಳ ಮೇಲೆ ಪಾಲಿಯುರೆಥೇನ್ ಸೀಲಂಟ್ ಹಾಕಿದರೆ ಕೆಲಸ ಮುಗಿಯಿತು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು, ಕಡಲ ಗಾಳಿಗೆ ಬೇರೆಯದು ಬಾಳುವುದಿಲ್ಲ. ಸೋರಿಕೆ ಹುಡುಕುವಾಗ ಹನಿ ಬೀಳುವ ಜಾಗವನ್ನು ನಂಬಬೇಡಿ. ನೀರು ಚಾವಣಿಯ ಪಟ್ಟಿ ಹಿಡಿದು ಹರಿಯುತ್ತದೆ, ಗಾಡಿಯ ಮೂತಿ ಇಳಿಜಾರಿಗೆ ಇದ್ದರೆ ಫ್ಯಾನಿನ ಸೋರಿಕೆ ಡ್ರೈವರ್ ಸೀಟಿನ ಮೇಲೆ ಬೀಳುತ್ತದೆ.

ಇಷ್ಟು ಬೇಸರದ ನಡುವೆಯೂ ಗಾಡಿ ಮಾರುವ ಮನಸ್ಸಾಗದಿರಲು ಕಾರಣ ಗಾಡಿಯ ಬ್ಯಾಟರಿಯಲ್ಲೇ ಓಡುವ 12 ವೋಲ್ಟ್ ಕಂಪ್ರೆಸರ್ ಫ್ರಿಜ್. ಬೆಳಿಗ್ಗೆ ಕಾರವಾರದಲ್ಲಿ ಕೊಂಡ ಬಂಗಡೆ ರಾತ್ರಿ ಶಿರಸಿಯಲ್ಲಿ ಹಾಗೆಯೇ ಗಟ್ಟಿಯಾಗಿ, ಕಣ್ಣು ಹೊಳೆಯುತ್ತ ಹೊರಬರುತ್ತದೆ. ಹಿಂದಿನ ರಾತ್ರಿಯೇ ಮನೆಯ ಕರೆಂಟಿನಲ್ಲಿ ಫ್ರಿಜ್ಜನ್ನು ತಂಪು ಮಾಡಿ, ಎರಡು ಬಾಟಲಿ ಹೆಪ್ಪುಗಟ್ಟಿದ ನೀರು ಇಟ್ಟಿರಬೇಕು. ಮೀನನ್ನು ಕೊಂಡಲ್ಲೇ ಸ್ವಚ್ಛ ಮಾಡಿಸಿ, ಒರೆಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಬಾಟಲಿಗಳ ನಡುವೆ ಇಟ್ಟರೆ ಹಾಲಿಗೂ ವಾಸನೆ ತಾಗುವುದಿಲ್ಲ. ಫ್ರಿಜ್ ಮಧ್ಯೆ ನಿಂತುಹೋದರೆ ಬ್ಯಾಟರಿಯನ್ನು ಬೈಯುವ ಮೊದಲು ವೈರ್ ನೋಡಿ. 2.5 ಚದರ ಮಿಲಿಮೀಟರ್ ವೈರ್ 6 ಮೀಟರ್ ಎಳೆದಿದ್ದರೆ ಬ್ಯಾಟರಿಯಲ್ಲಿ 12.4 ವೋಲ್ಟ್ ಇದ್ದರೂ ಫ್ರಿಜ್ಜಿಗೆ 12ಕ್ಕಿಂತ ಕಡಿಮೆ ತಲುಪುತ್ತದೆ, ಕಂಪ್ರೆಸರ್ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಇನ್ನೂ ಕುಸಿದು ಅದು ತಾನೇ ಆಫ್ ಆಗುತ್ತದೆ. 6 ಚದರ ಮಿಲಿಮೀಟರಿನದು ಹಾಕಿಸಿದ ಮೇಲೆ ಆ ಕಾಟ ತಪ್ಪಿತು. ಲಿಥಿಯಂ ಬ್ಯಾಟರಿಗೆ ಬಜೆಟ್ ಸಾಲದೆ 150 ಆಂಪಿಯರ್ ಅವರ್‌ನ ಸೀಲ್ಡ್ ಲೆಡ್-ಆ್ಯಸಿಡ್ ಇದೆ. ಅದರ ಅರ್ಧವನ್ನಷ್ಟೇ ಬಳಸಬೇಕು, ಒಂದು ರಾತ್ರಿಗೆ ಧಾರಾಳ ಸಾಕು. ಸೋಲಾರ್ ಪ್ಯಾನೆಲ್ ಜುಲೈನಲ್ಲಿ ಹೆಸರಿಗಷ್ಟೇ, ಓಡುವಾಗ ಎಂಜಿನ್ನಿನಿಂದ ಚಾರ್ಜ್ ಆಗುವುದೇ ಆಧಾರ.

ನೀರಿನ ಟ್ಯಾಂಕ್ 100 ಲೀಟರ್, ಅಂದರೆ 100 ಕಿಲೋ ಭಾರ. ಕುಮಟಾದಲ್ಲಿ 30 ಲೀಟರ್ ಉಳಿಸಿಕೊಂಡು ಘಟ್ಟ ಹತ್ತಿ, ಶಿರಸಿಯಲ್ಲಿ ತುಂಬಿಸುವುದು ಲೇಸು. ಅರ್ಧ ತುಂಬಿದ್ದರೆ ತಿರುವಿನಲ್ಲಿ ನೀರು ಕುಲುಕಿ ಹಿಂಬದಿ ಎಳೆಯುತ್ತದೆ. ಇಳಿಯುವಾಗ ಎರಡನೇ ಗೇರ್. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಇಲ್ಲದಿದ್ದರೆ ಬಿಸಿಗೆ ಕುದ್ದು ಪೆಡಲ್ ಮೆತ್ತಗಾಗುತ್ತದೆ.

ಮಳೆಗಾಲದಲ್ಲಿ ಗುಡ್ಡ ಕಡಿದ ಬದಿಯಲ್ಲಿ ಚಹಾಕ್ಕೂ ಗಾಡಿ ನಿಲ್ಲಿಸಬೇಡಿ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಕಾರವಾರದಿಂದ ಭಟ್ಕಳಕ್ಕೆ ಹೋಗುವ ಇದೇ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಜನ ನಿಂತು ಹೋಗುತ್ತಿದ್ದ ಚಹಾದಂಗಡಿ ಇದ್ದ ಜಾಗದಲ್ಲಿ.

ರಾತ್ರಿ ನಿಂತ ಮೇಲೆ ಮೊದಲ ಕೆಲಸ ಸಮತಟ್ಟು ನೋಡುವುದು. ಗಾಡಿಯೊಳಗಿನ ಅಡುಗೆ ಕಟ್ಟೆಯ ಮೇಲೆ ತಟ್ಟೆಯಲ್ಲಿ ಒಂದು ಲೋಟ ನೀರು ಹಾಕಿದರೆ ಯಾವ ಚಕ್ರದಡಿ ಹಲಗೆ ಇಡಬೇಕೆಂದು ತಿಳಿಯುತ್ತದೆ. ಗಂಜಿಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸುವ ಬದಲು ಹತ್ತು ನಿಮಿಷ ಕುದಿಸಿ ಬಿಸಿ ಹಿಡಿಯುವ ಡಬ್ಬಿಗೆ ಸುರಿದು ಮುಚ್ಚಿಟ್ಟರೆ ಮೀನು ಹುರಿಯುವಷ್ಟರಲ್ಲಿ ಅನ್ನ ಅರಳಿರುತ್ತದೆ, ಆವಿಯೂ ಕಡಿಮೆ. ಬೆಳಿಗ್ಗೆ ಕೊತ್ತಂಬರಿ-ಜೀರಿಗೆಯ ಕಷಾಯವನ್ನೂ ಮುಚ್ಚಿಯೇ ಕುದಿಸಬೇಕು. ಕಿಟಕಿಯ ಆ ಒಂದು ಇಂಚಿನಿಂದ ಬರುವ ಒದ್ದೆ ಮಣ್ಣಿನ ವಾಸನೆಯ ಜೊತೆ ಅದನ್ನು ಕುಡಿಯುವ ಸುಖಕ್ಕೆ ಇಷ್ಟೆಲ್ಲ ಕೆರೆದದ್ದು, ಬಿಗಿದದ್ದು ಸಾರ್ಥಕ.

ಹೊಸದಾಗಿ ಕಟ್ಟಿಸುವವರು ಟಿವಿ, ಬಣ್ಣದ ದೀಪಗಳನ್ನು ಬಿಟ್ಟು ಆ ಹಣವನ್ನು ಎರಡನೇ ಫ್ಯಾನಿಗೆ ಹಾಕಲಿ. ಅಕ್ಟೋಬರ್‌ನಿಂದ ಮೇವರೆಗೆ ಮಾತ್ರ ಓಡಿಸುವವರಿಗೆ ಒಂದೇ ಸಾಕು. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಕಪಾಟುಗಳನ್ನೂ ಫ್ರಿಜ್ಜಿನ ಬಾಗಿಲನ್ನೂ ತೆರೆದಿಟ್ಟು, ಹಾಸಿಗೆಯನ್ನು ಗೋಡೆಗೆ ತಾಗದಂತೆ ಅಡ್ಡಲಾಗಿ ಎಬ್ಬಿಸಿ ನಿಲ್ಲಿಸಿ ಹೋಗಿ.